ಎಂಟು ರೂಪಾಯಿಯ ತಟ್ಟೆ, ಇಬ್ಬರ ಕೈ: ಅಂಗನವಾಡಿ ಸಂಘಟನೆಗಳ ಮನವಿ ಪತ್ರದಲ್ಲಿ ಏನಿರುತ್ತದೆ

ಹಾಸನದ ಜಿಲ್ಲಾಧಿಕಾರಿ ಕಚೇರಿ ಎದುರೋ ಚಿಕ್ಕಮಗಳೂರಿನ ಆಜಾದ್ ಪಾರ್ಕ್ ವೃತ್ತದಲ್ಲೋ ಅಂಗನವಾಡಿ ನೌಕರರು ಧರಣಿ ಕೂತರೆ ಮಾರನೇ ದಿನದ ಪತ್ರಿಕೆಯ ತಲೆಬರಹ ಹೆಚ್ಚುಕಡಿಮೆ ಒಂದೇ ಇರುತ್ತದೆ: ಗೌರವಧನ ಹೆಚ್ಚಳಕ್ಕೆ ಆಗ್ರಹ. ಮನವಿ ಪತ್ರವನ್ನೇ ತೆಗೆದು ಓದಿದರೆ ಬೇಡಿಕೆಗಳು ಅಲ್ಲಿಗೆ ನಿಲ್ಲುವುದಿಲ್ಲ. ಮೊಟ್ಟೆ ದುಡ್ಡು, ಗ್ಯಾಸ್ ಸಿಲಿಂಡರ್, ಬಾಡಿಗೆ ಕಟ್ಟಡ, ಮೊಬೈಲ್, ಎಲ್‌ಕೆಜಿ, ಗ್ರಾಚ್ಯುಟಿ (ಸೇವೆ ಮುಗಿದಾಗ ಸಿಗುವ ಇಡುಗಂಟು) ಎಂದು ಎರಡು ಪುಟ ಆಗುತ್ತದೆ. ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿದ್ದಾರೆ ಅನ್ನಿಸೀತು. ಒಂದು ಅಂಗನವಾಡಿಯ ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಎಲ್ಲ ಬೇಡಿಕೆಗಳೂ ಒಂದೇ ಗಂಟಿನ ಎಳೆಗಳು ಎಂದು ತಿಳಿಯುತ್ತದೆ. ಇಲಾಖೆಯಲ್ಲಿ ಎಲ್ಲಿ ಏನೇ ಕಡಿಮೆ ಬಿದ್ದರೂ ಅದನ್ನು ತುಂಬುವುದು ಟೀಚರ್ (ಕಾಗದದಲ್ಲಿ ಅಂಗನವಾಡಿ ಕಾರ್ಯಕರ್ತೆ) ಮತ್ತು ಸಹಾಯಕಿ ಎಂಬ ಇಬ್ಬರೇ. ದುಡ್ಡು ಕಡಿಮೆ ಬಿದ್ದರೆ ಅವರ ಪರ್ಸಿನಿಂದ ಹೋಗುತ್ತದೆ, ಹೊತ್ತು ಕಡಿಮೆ ಬಿದ್ದರೆ ಮಕ್ಕಳ ಪಾಠದಿಂದ ಹೋಗುತ್ತದೆ.

ತಟ್ಟೆಯಿಂದಲೇ ಶುರು ಮಾಡೋಣ.

2013ರ ಆಹಾರ ಭದ್ರತಾ ಕಾಯ್ದೆಯ ಅನುಸೂಚಿ 3ರಿಂದ 6 ವರ್ಷದ ಮಗುವಿಗೆ ಬೆಳಗಿನ ಲಘು ಆಹಾರ ಮತ್ತು ಬಿಸಿಯೂಟ ಸೇರಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಎಂದಿತು. ಇದಕ್ಕೆ ಮೀಸಲಾದ ದರ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12, ಗರ್ಭಿಣಿ ಮತ್ತು ಬಾಣಂತಿಗೆ 9.50. ಇದು 2017ರಲ್ಲಿ ಪರಿಷ್ಕರಣೆಯಾದ ದರ. ಇದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ವರ್ಷಕ್ಕೆ 300 ದಿನ ಊಟ ಕೊಡಬೇಕು.

ಈ 8 ರೂಪಾಯಿಗೆ ಏನು ಬರುತ್ತದೆ? ಅಕ್ಕಿ ಕೇಂದ್ರದ ಸಬ್ಸಿಡಿ ದರದಲ್ಲಿ ಕೆಜಿಗೆ 3 ರೂಪಾಯಿಯಂತೆ ಸಿಗುತ್ತದೆ, ಆದ್ದರಿಂದ 60 ಗ್ರಾಂ ಅಕ್ಕಿಗೆ 18 ಪೈಸೆ ಸಾಕು. ಬೇಳೆ ಕೆಜಿಗೆ 130 ರೂಪಾಯಿ ಎಂದು ಹಿಡಿದರೆ 20 ಗ್ರಾಂಗೆ 2.60. ಎಣ್ಣೆ 5 ಗ್ರಾಂಗೆ ಸುಮಾರು 70 ಪೈಸೆ. ತರಕಾರಿ 50 ಗ್ರಾಂ, ಕೆಜಿಗೆ 40ರಂತೆ 2 ರೂಪಾಯಿ. ಇಷ್ಟಕ್ಕೇ 5 ರೂಪಾಯಿ 48 ಪೈಸೆ ಆಯಿತು. ಉಪ್ಪು, ಹುಳಿ, ಸಾರಿನ ಪುಡಿ, ಗ್ಯಾಸ್, ಬೆಳಗಿನ ಲಘು ಆಹಾರಕ್ಕೆ ಉಳಿದದ್ದು ಎರಡೂವರೆ ರೂಪಾಯಿ. ಈ ಅನ್ನ, ಬೇಳೆ, ಎಣ್ಣೆಯಿಂದ ಮಗುವಿನ ಹೊಟ್ಟೆಗೆ ಸೇರುವುದು ಸುಮಾರು 320 ಕ್ಯಾಲೊರಿ, ಪ್ರೋಟೀನ್ 8 ಗ್ರಾಂ ಚಿಲ್ಲರೆ. ಗುರಿ ಮುಟ್ಟಲಿಲ್ಲ. ಒಂದು ಮೊಟ್ಟೆ ಸೇರಿದರೆ 75 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. 150 ಎಂಎಲ್ ಹಾಲು ಸೇರಿದರೆ ಇನ್ನೊಂದು 95 ಕ್ಯಾಲೊರಿ, 5 ಗ್ರಾಂ. ಆಗ ಲೆಕ್ಕ 490ರ ಹತ್ತಿರ ಬಂದು ನಿಲ್ಲುತ್ತದೆ.

ಅಂದರೆ ಗುರಿಯನ್ನು ಮುಟ್ಟಿಸುವುದೇ ಹಾಲು ಮತ್ತು ಮೊಟ್ಟೆ. ಅವೆರಡೂ 8 ರೂಪಾಯಿಯೊಳಗೆ ಹಿಡಿಸುವ ಮಾತಲ್ಲ, ಮೊಟ್ಟೆ ಒಂದಕ್ಕೇ ಆರೇಳು ರೂಪಾಯಿ. ಅದಕ್ಕೇ 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇಷ್ಟು ಮುಖ್ಯ, ವಾರಕ್ಕೆರಡು ಮೊಟ್ಟೆ ಇಷ್ಟು ಮುಖ್ಯ. ಮೊಟ್ಟೆಗೆ ನಿಗದಿಯಾದ ದರ ಕಾಗದದ ಮೇಲೆ ಸ್ಥಿರವಾಗಿರುತ್ತದೆ. ಅಂಗಡಿಯ ದರ ಹಾಗಿರುವುದಿಲ್ಲ, ಚಳಿಗಾಲ ಬಂತೆಂದರೆ ಏರುತ್ತದೆ. ಮೂವತ್ತು ಮಕ್ಕಳ ಕೇಂದ್ರದಲ್ಲಿ ಮೊಟ್ಟೆಗೆ 75 ಪೈಸೆ ವ್ಯತ್ಯಾಸ ಬಿದ್ದರೂ ತಿಂಗಳ ಎಂಟು ಮೊಟ್ಟೆ ದಿನಕ್ಕೆ 180 ರೂಪಾಯಿ. ಆ 180 ಎಲ್ಲಿಂದ ಬರಬೇಕು ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಸಣ್ಣ ಮೊಟ್ಟೆ ತರುವುದು, ಎರಡರಲ್ಲೊಂದು ದಿನ ಬಿಡುವುದು, ಕೈಯಿಂದ ಹಾಕುವುದು, ಈ ಮೂರರಲ್ಲಿ ಒಂದು ಆಗುತ್ತದೆ. ತಾಯಂದಿರು ಬಂದು ಜಗಳ ಆಡುವುದು ಮೊದಲೆರಡಕ್ಕೆ. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

2023ರಲ್ಲಿ ಅನುಸೂಚಿ ಪರಿಷ್ಕರಣೆಯಾಗಿ ಬರೀ ಕ್ಯಾಲೊರಿ ಲೆಕ್ಕದಿಂದ ಒಳ್ಳೆಯ ಪ್ರೋಟೀನ್, ಸೂಕ್ಷ್ಮ ಪೋಷಕಾಂಶಗಳ ಕಡೆಗೆ ಒತ್ತು ಹೊರಳಿತು. ಒಳ್ಳೆಯದೇ. ತಟ್ಟೆಯ ದರ ಮಾತ್ರ ಆಗ ಏರಲಿಲ್ಲ. ದರವನ್ನು ಸೂಕ್ತವಾಗಿ ಹೆಚ್ಚಿಸುತ್ತೇವೆ ಎಂದು ಕೇಂದ್ರ ಹೇಳಿದ್ದು 2025ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ. ಆ ಬಜೆಟ್‌ನಲ್ಲಿ ಅಂಗನವಾಡಿಗಳ ಕೇಂದ್ರ ಯೋಜನೆಯಾದ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0ಗೆ ಇಟ್ಟ ಮೊತ್ತ 21,960 ಕೋಟಿ, ಅದರ ಹಿಂದಿನ ವರ್ಷ 21,200 ಕೋಟಿ. ಏರಿಕೆ ನೂರಕ್ಕೆ ಮೂರೂವರೆಯಷ್ಟು. ದಿನಸಿ ಬೆಲೆ ಏರಿದ್ದನ್ನು ಕಳೆದರೆ ಇದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಇನ್ನು ಗೌರವಧನ. ಇಲ್ಲಿ ಹೆಚ್ಚಿನವರು ಎಡವುವುದು ಕೇಂದ್ರ ಎಷ್ಟು, ರಾಜ್ಯ ಎಷ್ಟು ಎಂಬಲ್ಲಿ. 2018ರ ಅಕ್ಟೋಬರ್‌ನಿಂದ ಕೇಂದ್ರ ಒಪ್ಪಿದ ದರ ಕಾರ್ಯಕರ್ತೆಗೆ 4,500, ಮಿನಿ ಅಂಗನವಾಡಿ ಕಾರ್ಯಕರ್ತೆಗೆ 3,500, ಸಹಾಯಕಿಗೆ 2,250. ಇದೂ ಪೂರ್ತಿ ಕೇಂದ್ರದ್ದಲ್ಲ, 60:40ರಂತೆ ಹಂಚಿಕೆ. 4,500ರಲ್ಲಿ ದೆಹಲಿಯಿಂದ ಬರುವುದು 2,700, ರಾಜ್ಯ ಸೇರಿಸಬೇಕಾದ್ದು 1,800. ಅದರ ಮೇಲೆ ಕೊಡುವುದೆಲ್ಲ ರಾಜ್ಯ ತನ್ನ ಬೊಕ್ಕಸದಿಂದ ಹೆಚ್ಚುವರಿಯಾಗಿ ಹಾಕುವುದು. ಕರ್ನಾಟಕ ಹಾಗೆ ಹಾಕುತ್ತ ಬಂದಿದೆ, 2025-26ರ ಬಜೆಟ್‌ನಲ್ಲೂ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚಿಸಿತು. 2023ರ ಚುನಾವಣೆ ಹೊತ್ತಿಗೆ ಕಾಂಗ್ರೆಸ್ 15,000ದ ಭರವಸೆ ಕೊಟ್ಟಿತ್ತು. ಸಂಘಟನೆಗಳು ರಾಜ್ಯದ ಮುಂದೆ ಎತ್ತಿ ತೋರಿಸುವುದು ಈ ಅಂಕಿಯನ್ನು, ಕೇಂದ್ರದ ಮುಂದೆ 2018ರಿಂದ ಅಲ್ಲಾಡದ 2,700ನ್ನು.

ಲೆಕ್ಕಕ್ಕೆಂದು ಕಾರ್ಯಕರ್ತೆಯ ಕೈಗೆ ತಿಂಗಳಿಗೆ 12,000 ಬರುತ್ತದೆ ಎಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 461 ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 104. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿಯೇ 370 ಇತ್ತು. ಪಿಯುಸಿ ಓದಿ, ಮಕ್ಕಳಿಗೆ ಪಾಠ ಹೇಳಿ, ತೂಕ ನೋಡಿ, ಗರ್ಭಿಣಿಯರ ದಾಖಲೆ ಇಟ್ಟು, ಮತಗಟ್ಟೆ ಅಧಿಕಾರಿ ಕೆಲಸವನ್ನೂ ಮಾಡುವವಳಿಗೆ ಅದಕ್ಕಿಂತ ತೊಂಬತ್ತು ರೂಪಾಯಿ ಹೆಚ್ಚು. ಸಹಾಯಕಿಯ ಲೆಕ್ಕ ಇನ್ನೂ ಕೆಳಗೆ. ಮೂಡಿಗೆರೆ, ಸಕಲೇಶಪುರದ ಕಡೆ ಸಹಾಯಕಿ ಹುದ್ದೆಗೆ ಜನ ಹುಡುಕುವುದು ಕಷ್ಟವಾದರೆ ಅಚ್ಚರಿಪಡಬೇಕಾಗಿಲ್ಲ. ಹಣ್ಣು ಕೊಯ್ಲಿನ ಕಾಲದಲ್ಲಿ ಕೆಜಿ ಲೆಕ್ಕಕ್ಕೆ ಕಾಫಿ ಕೊಯ್ಯುವ ಹೆಣ್ಣಾಳು ವಾರದ ಬಟವಾಡೆಯಲ್ಲಿ ಎಣಿಸುವ ದುಡ್ಡನ್ನು ಅವರೂ ಕಣ್ಣಾರೆ ನೋಡುತ್ತಾರೆ.

ಇಷ್ಟು ದುಡ್ಡಾದರೂ ತಿಂಗಳಿಗೆ ಸರಿಯಾಗಿ ಬರುತ್ತದೆಯೇ? ತಡವಾದಾಗ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ಸಿಗುವ ಉತ್ತರ ‘ಅನುದಾನ ಬಂದಿಲ್ಲ’. ಅದರ ಹಿಂದಿರುವ ಯಂತ್ರ ಹೀಗೆ: 2021ರ ನಿಯಮದಂತೆ ಕೇಂದ್ರ ಪುರಸ್ಕೃತ ಯೋಜನೆಯೊಂದರ ದುಡ್ಡೆಲ್ಲ ಆ ಯೋಜನೆಗೆಂದು ರಾಜ್ಯ ತೆರೆದ ಒಂದೇ ನೋಡಲ್ ಖಾತೆಗೆ ಕಂತಿನಲ್ಲಿ ಬರುತ್ತದೆ. ಒಂದು ಕಂತು ವರ್ಷದ ಮೊತ್ತದ ಕಾಲುಭಾಗಕ್ಕಿಂತ ಹೆಚ್ಚಿರುವಂತಿಲ್ಲ. ರಾಜ್ಯ ತನ್ನ ಪಾಲನ್ನು ಅದೇ ಖಾತೆಗೆ ಹಾಕಬೇಕು. ಬಂದದ್ದರಲ್ಲಿ ಮುಕ್ಕಾಲು ಪಾಲು ಖರ್ಚಾದ ಮೇಲೆ, ಬಳಕೆ ಪ್ರಮಾಣಪತ್ರ ಹೋದ ಮೇಲೆ ಮುಂದಿನ ಕಂತು. ದುಡ್ಡು ಪೋಲಾಗದಂತೆ ಮಾಡಿದ ವ್ಯವಸ್ಥೆ ಇದು, ತಪ್ಪಿಲ್ಲ. ಆದರೆ ಎಲ್ಲೋ ಒಂದು ಕಡೆ ಖರ್ಚು ನಿಧಾನವಾದರೆ ಅಥವಾ ಲೆಕ್ಕಪತ್ರ ತಡವಾದರೆ, ಅದಕ್ಕೂ ತನಗೂ ಸಂಬಂಧವಿಲ್ಲದ ಕಳಸದ ಟೀಚರ್‌ಗೆ ಆ ತಿಂಗಳು ಗೌರವಧನ ಇಲ್ಲ. ಸಂಬಳವಾಗಿದ್ದರೆ ಹೀಗೆ ಕಂತಿನ ಬಾಲಕ್ಕೆ ಕಟ್ಟುತ್ತಿರಲಿಲ್ಲ. ಹೆಸರು ‘ಗೌರವಧನ’ ಎಂದಿರುವುದರಿಂದ ಆಗುವ ನಷ್ಟಗಳಲ್ಲಿ ಇದು ಒಂದು.

ಉಳಿದವು ಕಾನೂನಿನವು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ಹುಟ್ಟುಹಾಕಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ (ನಮ್ಮ ರಾಜ್ಯದಲ್ಲಿ ತಿ. ನರಸೀಪುರದಿಂದ) ಊರಿನ ಹೆಣ್ಣುಮಗಳೊಬ್ಬಳು ದಿನಕ್ಕೆ ಕೆಲವು ಗಂಟೆ ಸೇವೆ ಮಾಡುವ ಕಲ್ಪನೆ ಇತ್ತು, ಆದ್ದರಿಂದ ಗೌರವ ಸೇವೆ. ಕೆಲಸ ದಿನವಿಡೀ ಆದರೂ ಹೆಸರು ಬದಲಾಗಲಿಲ್ಲ. ಕರ್ನಾಟಕದ್ದೇ ಪ್ರಕರಣವಾದ ಅಮೀರ್‌ಬಿ ಮೊಕದ್ದಮೆಯಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿ ಇರುವವರಲ್ಲ ಎಂದಿತು. ಆ ಒಂದು ತೀರ್ಪು ಬಹುಕಾಲ ಅಡ್ಡಗೋಡೆಯಾಯಿತು. 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಸ್ಕೀಮ್ ನೌಕರರನ್ನು (ಸರ್ಕಾರಿ ಯೋಜನೆಗಳಲ್ಲಿ ಗೌರವಧನಕ್ಕೆ ದುಡಿಯುವವರನ್ನು) ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಿ ಎಂದು ಶಿಫಾರಸು ಮಾಡಿತು. ಸಿಐಟಿಯು, ಎಐಟಿಯುಸಿ ಎಂಬ ಎರಡು ಕಾರ್ಮಿಕ ಸಂಘಟನೆಗಳ ಮನವಿಗಳಲ್ಲೂ ಈ ಸಮ್ಮೇಳನದ ಉಲ್ಲೇಖ ಇದ್ದೇ ಇರುತ್ತದೆ. ಶಿಫಾರಸು ಇನ್ನೂ ಶಿಫಾರಸಾಗಿಯೇ ಇದೆ.

ಗೋಡೆಯಲ್ಲಿ ಬಿರುಕು ಬಿಟ್ಟದ್ದು 2022ರ ಏಪ್ರಿಲ್ 25ರಂದು. ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿಯ ಕಾರ್ಯಕರ್ತೆ, ಸಹಾಯಕಿಯರಿಗೂ ಅನ್ವಯ ಎಂದಿತು. ಲೆಕ್ಕ ಸರಳ: ಕೊನೆಯ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 12,000ಕ್ಕೆ ಒಂದು ವರ್ಷಕ್ಕೆ 6,923 ರೂಪಾಯಿ, 25 ವರ್ಷ ಸೇವೆಗೆ ಸುಮಾರು 1,73,000. ಇಲ್ಲಿ ತಪ್ಪುವುದು ಎರಡು ಕಡೆ. ರಾಜ್ಯದ ಹೆಚ್ಚುವರಿ ಪಾಲನ್ನು ಬಿಟ್ಟು ಕೇಂದ್ರದ ದರ 4,500ರ ಮೇಲೆ ಲೆಕ್ಕ ಹಾಕಿದರೆ ಅದೇ 25 ವರ್ಷಕ್ಕೆ 65,000 ಕೂಡ ಆಗುವುದಿಲ್ಲ. ಇನ್ನೊಂದು, ಸೇವೆಗೆ ಸೇರಿದ ದಿನಾಂಕ. ಮೂವತ್ತು ವರ್ಷದ ಹಿಂದಿನ ನೇಮಕಾತಿ ಆದೇಶ ಮಳೆಗೆ ನೆನೆದೋ ಗೆದ್ದಲು ತಿಂದೋ ಹೋಗಿರುತ್ತದೆ, ಕಚೇರಿಯ ಕಡತದಲ್ಲೂ ಸಿಗುವುದಿಲ್ಲ. ಹಳೆಯ ಹಾಜರಿ ವಹಿ, ತರಬೇತಿ ಪ್ರಮಾಣಪತ್ರ, ಗೌರವಧನ ಜಮಾ ಆದ ಮೊದಲ ಪಾಸ್‌ಬುಕ್ ಪುಟ ಇವನ್ನು ಈಗಲೇ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. 

ಈಗ ಗುಣಮಟ್ಟಕ್ಕೆ ಬರೋಣ. ಸಂಘಟನೆಗಳು ಸಂಬಳದ ಜೊತೆ ಗುಣಮಟ್ಟವನ್ನೂ ಎತ್ತುವುದು ಬೇಡಿಕೆಗೆ ಮೆರುಗು ಕೊಡಲು ಎಂದು ಅಧಿಕಾರಿಗಳು ಆಗಾಗ ನಗೆಯಾಡುವುದುಂಟು. ಒಂದು ಬೆಳಗಿನ ಹೊತ್ತನ್ನು ಹತ್ತಿರದಿಂದ ನೋಡಿದರೆ ನಗು ಬರಲಿಕ್ಕಿಲ್ಲ.

ಒಂಬತ್ತೂವರೆಗೆ ಬಾಗಿಲು ತೆಗೆಯಬೇಕು. ಸಹಾಯಕಿ ಕೆಲವು ಮಕ್ಕಳನ್ನು ಮನೆಯಿಂದ ಕರೆತರಬೇಕು. ಆಲೂರು, ಬೇಲೂರು, ಸಕಲೇಶಪುರದ ಕಾಡಂಚಿನಲ್ಲಿ ಆನೆ ಬಂದ ದಿನ ಅವಳೂ ಹೋಗುವ ಹಾಗಿಲ್ಲ, ಮಕ್ಕಳೂ ಬರುವುದಿಲ್ಲ. ಬಂದ ಮೇಲೆ ಕಸ, ನೀರು, ಒಲೆ ಎಲ್ಲ ಅವಳದೇ. ಹತ್ತು ಗಂಟೆಗೆ ಟೀಚರ್ ಪಾಠ ಶುರು ಮಾಡಬೇಕು. 2023ರ ಮೇನಲ್ಲಿ ಬಂದ ‘ಪೋಷಣ್ ಭೀ ಪಢಾಯಿ ಭೀ’ ಪ್ರಕಾರ ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕು. ಆ ಎರಡು ಗಂಟೆಯಲ್ಲೇ ಮೊಬೈಲ್ ಕೂಗುತ್ತದೆ. 2021ರ ಮಾರ್ಚ್‌ನಿಂದ ಪೋಷಣ್ ಟ್ರ್ಯಾಕರ್ ಎಂಬ ದಾಖಲಾತಿ ಆ್ಯಪ್, 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವಿಕೆ ಕಡ್ಡಾಯ. ಬಾಣಂತಿ ಪೌಷ್ಟಿಕ ಆಹಾರಕ್ಕೆ ಬಂದರೆ ಆಧಾರ್ ಜೋಡಣೆ, ಒಟಿಪಿ, ಮುಖದ ಫೋಟೊ ಎಲ್ಲ ಆಗಬೇಕು. ಒಟಿಪಿ ಹೋಗುವುದು ಗಂಡನ ಫೋನಿಗೆ, ಗಂಡ ಇರುವುದು ಬಾಳೂರಿನ ಯಾವುದೋ ತೋಟದ ಒಳಗೆ, ಅಲ್ಲಿ ಸಿಗ್ನಲ್ ಇಲ್ಲ. ಟೀಚರ್ ಅಂಗಳದಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತರೆ ಒಳಗೆ ಇಪ್ಪತ್ತೈದು ಮಕ್ಕಳು. ಹನ್ನೆರಡಕ್ಕೆ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರ ಊಟ, ಆಮೇಲೆ ಮಕ್ಕಳ ಊಟ. ಮನೆಭೇಟಿ, ಚುಚ್ಚುಮದ್ದು ದಿನ, ಗೃಹಲಕ್ಷ್ಮಿ ವಿಚಾರಣೆ, ಮತದಾರರ ಪಟ್ಟಿ ಇವೆಲ್ಲ ಇದರ ಮೇಲೆ.

ದೇಶದ ಶಾಲಾಪೂರ್ವ ಗುಣಮಟ್ಟದ ಮಾನದಂಡ 3ರಿಂದ 6 ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ಇಬ್ಬರಿರುವ ಕೇಂದ್ರ ಕಾಗದದಲ್ಲಿ ಇದಕ್ಕೆ ಹೊಂದುತ್ತದೆ. ಒಬ್ಬಳು ಒಲೆಯ ಮುಂದೆ, ಒಬ್ಬಳು ಮೊಬೈಲ್ ಮುಂದೆ ಇದ್ದರೆ ಮಕ್ಕಳ ಮುಂದೆ ಯಾರೂ ಇಲ್ಲ. ಸಹಾಯಕಿ ಹುದ್ದೆ ಖಾಲಿ ಇರುವ ಕೇಂದ್ರದಲ್ಲಿ, ಸಹಾಯಕಿಯೇ ಇಲ್ಲದ ಮಿನಿ ಅಂಗನವಾಡಿಯಲ್ಲಿ ಎಲ್ಲವೂ ಒಬ್ಬಳ ಮೇಲೆ. ಮಲೆನಾಡಿನಂಥ ಗುಡ್ಡಗಾಡಿನ ಚದುರಿದ ಮನೆಗಳಿಗೆಂದೇ 150ರಿಂದ 300 ಜನರಿಗೆ ಒಂದು ಮಿನಿ ಕೇಂದ್ರ ಕೊಡುವ ನಿಯಮ ಬಂದದ್ದು. ಮಕ್ಕಳು ಹತ್ತೇ ಇದ್ದರೂ ಅನ್ನ ಬೇಯಿಸುವ ಹೊತ್ತು ಇಪ್ಪತ್ತೈದು ಮಕ್ಕಳಿಗೆ ಬೇಕಾದಷ್ಟೇ. ಮಿನಿ ಕೇಂದ್ರಗಳನ್ನು ಪೂರ್ಣ ಕೇಂದ್ರ ಮಾಡಿ ಸಹಾಯಕಿ ಕೊಡಿ ಎಂಬ ಬೇಡಿಕೆ ಹುಟ್ಟಿದ್ದು ಹೀಗೆ.

ತೂಕ ನೋಡುವುದು ಇನ್ನೊಂದು ಸೂಕ್ಷ್ಮ ಕೆಲಸ. ಎತ್ತರ ಒಂದು ಸೆಂಟಿಮೀಟರ್ ತಪ್ಪಾಗಿ ನಮೂದಾದರೂ ಮಗು ಬೆಳವಣಿಗೆ ಪಟ್ಟಿಯಲ್ಲಿ ಹಳದಿಯಿಂದ (ಕೊರತೆ) ಹಸಿರಿಗೋ (ಸರಿಯಾದ ಬೆಳವಣಿಗೆ) ಹಸಿರಿಂದ ಹಳದಿಗೋ ಜಿಗಿಯಬಹುದು. ತೀವ್ರ ಅಪೌಷ್ಟಿಕ ಎಂದು ದಾಖಲಾದರೆ ಮಾತ್ರ ಆ 12 ರೂಪಾಯಿಯ ಊಟ. ಚಪ್ಪಲಿ, ಸ್ವೆಟರ್ ತೆಗೆಸಿ, ತಕ್ಕಡಿಯನ್ನು ಸಮ ನೆಲದಲ್ಲಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಲು ಮಗುವೊಂದಕ್ಕೆ ಐದು ನಿಮಿಷ ಬೇಕು. ಆಷಾಢದ ಚಳಿಯಲ್ಲಿ ಸ್ವೆಟರ್ ತೆಗೆಯಲು ಮಗು ಬಿಡುವುದಿಲ್ಲ, ಟೀಚರ್‌ಗೆ ಪುರುಸೊತ್ತಿಲ್ಲ, ಸ್ವೆಟರ್ ಸಮೇತ ತೂಕ ಬರೆಯುತ್ತಾರೆ. ಇನ್ನೂರು ಗ್ರಾಂ ಅಲ್ಲಿಗೆ ಸೇರಿತು.

ಎಲ್‌ಕೆಜಿ ವಿವಾದ ಬೇಗ ಹೇಳಿ ಮುಗಿಸಬಹುದು. ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ತೆರೆದರೆ ನಾಲ್ಕು ವರ್ಷದ ಮಕ್ಕಳು ಅತ್ತ ಹೋಗುತ್ತಾರೆ, ಅಂಗನವಾಡಿಯಲ್ಲಿ ಉಳಿಯುವುದು ಪುಟ್ಟವರು, ಹಾಜರಿ ಇಳಿದರೆ ಕೇಂದ್ರವೇ ಮುಚ್ಚೀತು ಎಂಬುದು ಸಂಘಟನೆಗಳ ಆತಂಕ. 2024ರ ಹೋರಾಟದ ನಂತರ ಅಂಗನವಾಡಿಗಳನ್ನೇ ಮಾಂಟೆಸ್ಸರಿ ಮಾದರಿಗೆ ಏರಿಸುವ ದಾರಿಯನ್ನು ಸರ್ಕಾರ ಬೆಂಗಳೂರಿನಲ್ಲಿ ಹಿಡಿಯಿತು. ಬೋರ್ಡು ಬದಲಾಯಿಸುವುದು ಸುಲಭ. ಒಲೆ ಮತ್ತು ಮೊಬೈಲಿನಿಂದ ಟೀಚರನ್ನು ಬಿಡಿಸದೆ ಮಾಂಟೆಸ್ಸರಿ ಆಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಟ್ಟಡದ ವಿಚಾರದಲ್ಲಿ ಒಂದು ಸಿಕ್ಕು ಹೊರಗಿನವರಿಗೆ ಕಾಣುವುದಿಲ್ಲ. ಹೊಸ ಕಟ್ಟಡಕ್ಕೆ ಈವರೆಗಿನ ಸೂತ್ರ 12 ಲಕ್ಷ: ನರೇಗಾದಿಂದ 8, ಹಣಕಾಸು ಆಯೋಗದ ಅನುದಾನದಿಂದ 2, ಇಲಾಖೆಯಿಂದ 2. ನರೇಗಾದಲ್ಲಿ ಕೂಲಿ ಮತ್ತು ಸಾಮಗ್ರಿ 60:40 ಇರಬೇಕು ಎಂಬುದು ನಿಯಮವಾಗಿತ್ತು. ಕಟ್ಟಡ ಎಂದರೆ ಸಿಮೆಂಟು, ಕಬ್ಬಿಣ, ಬಹುಪಾಲು ಸಾಮಗ್ರಿಯೇ. ಅದನ್ನು ಸರಿದೂಗಿಸಲು ಕೂಲಿ ಹೆಚ್ಚಿರುವ ಮಣ್ಣಿನ ಕೆಲಸಗಳು ಬೇಕು. ಕಡೂರು, ಅರಸೀಕೆರೆಯ ಬಯಲಲ್ಲಿ ಕೆರೆ ಹೂಳು, ಬದು ಎಂದು ಅಂಥ ಕೆಲಸ ಸಿಗುತ್ತದೆ. ತೋಟದ ಕೂಲಿಗೇ ಆಳು ಸಿಗದ ಮಲೆನಾಡಿನ ಪಂಚಾಯಿತಿಯಲ್ಲಿ ಎಲ್ಲಿಂದ ತರುವುದು? ಕಟ್ಟಡ ಲಿಂಟಲ್ ಮಟ್ಟಕ್ಕೆ ನಿಂತು ಎರಡು ಮಳೆಗಾಲ ಕಳೆದರೆ ಕಾರಣವನ್ನು ಮೊದಲು ಅಲ್ಲಿ ಹುಡುಕಿ.

ಕೊನೆಯದಾಗಿ, ಅಂಗನವಾಡಿಗೆ ಬರಲಾರದಷ್ಟು ಚಿಕ್ಕ ಮಕ್ಕಳು. ಇಡೀ ದಿನ ದುಡಿಯುವ ತಾಯಿಗೆ ನಾಲ್ಕು ಗಂಟೆಗೆ ಮುಚ್ಚುವ ಕೇಂದ್ರ ಅರ್ಧ ಪರಿಹಾರ ಮಾತ್ರ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ 50 ಹೆಣ್ಣಾಳು ಅಥವಾ ಅವರ 20 ಮಕ್ಕಳು ಇರುವ ತೋಟ ಶಿಶುಪಾಲನಾ ಮನೆ ಇಡಬೇಕಿತ್ತು. ಗುತ್ತಿಗೆದಾರನ ಮೂಲಕ ಬಂದವರೂ ಎಣಿಕೆಗೆ ಸೇರುತ್ತಿದ್ದರು. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ, ಐವತ್ತಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಶಿಶುಪಾಲನೆಯ ಅವಕಾಶ ಅದರಲ್ಲೂ ಇದೆ. ನಮ್ಮ ಜಿಲ್ಲೆಗಳ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಈ ಸಂಖ್ಯೆಯ ಹತ್ತಿರವೂ ಬರುವುದಿಲ್ಲ. ಅಲ್ಲಿನ ಮಕ್ಕಳಿಗೆ ಕಾನೂನಿನ ಕೈ ಎಟುಕದು, ಬುಟ್ಟಿಯ ಪಕ್ಕದಲ್ಲೋ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಜಗಲಿಯಲ್ಲೋ ಏಳು ವರ್ಷದ ಅಕ್ಕನ ಕಾವಲಲ್ಲಿ ಇರುತ್ತಾರೆ. ಆ ಅಕ್ಕ ಶಾಲೆ ಬಿಟ್ಟಿರುತ್ತಾಳೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ‘ಕೂಸಿನ ಮನೆ’ ಮೂರು ವರ್ಷದೊಳಗಿನ ಮಕ್ಕಳಿಗಾಗಿಯೇ ಬಂದದ್ದು. ಆರೈಕೆದಾರರಿಗೆ ದುಡ್ಡು ಇಟ್ಟದ್ದು ನರೇಗಾ ಕೂಲಿಯಿಂದ, ಹಾಗಾಗಿ ಒಬ್ಬರ ನೂರು ದಿನ ಮುಗಿದರೆ ಇನ್ನೊಬ್ಬರು ಬರಬೇಕಿತ್ತು. ಒಂದೂವರೆ ವರ್ಷದ ಮಗು ಒಬ್ಬರ ಸೊಂಟಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ವಾರ ಬೇಕು. ಹೊಂದಿಕೊಂಡ ಮೇಲೆ ಮುಖ ಬದಲಾದರೆ ಅಳು ಮತ್ತೆ ಮೊದಲಿನಿಂದ, ತಾಯಿ ಎರಡು ದಿನ ನೋಡಿ ಮೂರನೇ ದಿನ ಕಳಿಸುವುದಿಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್‌ನಿಂದ, ಉತ್ತರ ಕರ್ನಾಟಕದಿಂದ ಬರುವ ಕುಟುಂಬಗಳ ಮಕ್ಕಳು ಹತ್ತಿರದ ಅಂಗನವಾಡಿಯಲ್ಲಿ ಊಟಕ್ಕೆ ಅರ್ಹರು. ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ ಕುಟುಂಬ ಬಂದ ವಾರವೇ ಟೀಚರ್‌ಗೆ ಹೇಳಿದರೆ ಕೆಲಸ ಅರ್ಧ ಆದಂತೆ. ತವರಿನ ಕೇಂದ್ರದಲ್ಲಿ ಹೆಸರಿದ್ದರೆ ಟ್ರ್ಯಾಕರ್‌ನ ವಲಸೆ ಆಯ್ಕೆಯಲ್ಲಿ ವರ್ಗಾಯಿಸಿಕೊಳ್ಳಬೇಕು, ಹೊಸದಾಗಿ ಸೇರಿಸಲು ಹೋದರೆ ಅದೇ ಆಧಾರ್ ಎಂದು ತಿರಸ್ಕಾರವಾಗುತ್ತದೆ. ತಾಯಿಯ ಆಧಾರ್‌ಗೆ ಜೋಡಿಸಿದ ಸಿಮ್ ಯಾರ ಬಳಿ ಇದೆ ಎಂದು ಮೊದಲೇ ಕೇಳಿಕೊಳ್ಳಿ. ಆ ಸಿಮ್ ಊರಲ್ಲೇ ಉಳಿದಿದ್ದರೆ, ಊರಿಗೆ ಫೋನ್ ಮಾಡಿಸಿ ಒಟಿಪಿ ಹೇಳಿಸಿಕೊಳ್ಳಲು ಭಾನುವಾರದ ಸಂತೆ ದಿನವೇ ಆಗಬೇಕು. ಉಳಿದ ದಿನ ತಾಯಿ ಕತ್ತಲೆ ಹೊತ್ತಿಗೇ ತೋಟಕ್ಕೆ ಹೋಗಿರುತ್ತಾಳೆ, ಅಂಗನವಾಡಿ ಬಾಗಿಲು ಹಾಕಿದ ಮೇಲೆ ಬರುತ್ತಾಳೆ. ಹಾಗೆ ಭಾನುವಾರ ಕೂತು ಹೆಸರು ಸೇರಿಸುವ ಟೀಚರ್‌ಗೆ ಆ ದಿನದ ಲೆಕ್ಕ ಎಲ್ಲೂ ಬರುವುದಿಲ್ಲ.